ಮಲ್ಪೆಯ ಮರಳಿನಲ್ಲಿ ಬಿದ್ದ ಉಂಗುರ

ಪ್ರಶ್ನೆ: ನಾವು ಸಕಲೇಶಪುರ ತಾಲ್ಲೂಕಿನವರು. ಕಾಫಿ ಕೊಯ್ಲು ಮುಗಿಸಿ ಮನೆಮಂದಿಯೆಲ್ಲ ಮಲ್ಪೆಗೆ ಹೋಗಿದ್ದೆವು. ಅಲ್ಲಿ ನನ್ನ ಕೈಯಲ್ಲಿದ್ದ 5 ಗ್ರಾಂ ಚಿನ್ನದ ಉಂಗುರ ಕಳೆದುಹೋಯಿತು. ಮದುವೆಯಲ್ಲಿ ಅತ್ತೆಯವರು ತೊಡಿಸಿದ್ದು. ಅವರು ಈಗ ಇಲ್ಲ. ಅದರ ಜೋಡಿ ಉಂಗುರ ನನ್ನ ನಾದಿನಿಯ ಹತ್ತಿರ ಇದೆ. ಕಳೆದು ಹನ್ನೊಂದು ದಿನವಾಯಿತು. ಆನ್‌ಲೈನ್‌ನಲ್ಲಿ 4,000 ರೂಪಾಯಿಗೆ ಮೆಟಲ್ ಡಿಟೆಕ್ಟರ್ ಸಿಗುತ್ತದೆ. ಅದನ್ನು ಕೊಂಡು ಹುಡುಕಿದರೆ ಸಿಗಬಹುದೇ? ಹೋದ ವರ್ಷ ನಮ್ಮ ಕಾಫಿ ಕಣದಲ್ಲಿ ಕಳೆದ ಓಲೆಯನ್ನೂ ಅದೇ ಯಂತ್ರದಿಂದ ಹುಡುಕಬಹುದೇ? ತೋಟದ ಮೂಲೆಯ ಹಾಳುಗುಡಿಯ ಹತ್ತಿರ ನಿಧಿ ಇದೆಯಂತೆ, ಅಲ್ಲೂ ಒಮ್ಮೆ ನೋಡೋಣ ಎಂದು ನನ್ನ ಮೈದುನ ಹೇಳುತ್ತಿದ್ದಾನೆ.

ಉತ್ತರ: ಉಂಗುರದ ಆಸೆಯನ್ನು ಈಗಲೇ ಬಿಡಬೇಡಿ. ಆದರೆ ಆ 4,000 ರೂಪಾಯಿಯ ಯಂತ್ರಕ್ಕೆ ಹಣ ಕಟ್ಟಬೇಡಿ. ಹಾಸನದಲ್ಲಿ ಮೂವತ್ತು ವರ್ಷ ರೇಡಿಯೊ, ಟಿ.ವಿ. ದುರಸ್ತಿ ಮಾಡಿದ ಮೇಲೆ, ಕಳೆದ ಒಡವೆ ಹುಡುಕಿಕೊಡುವುದನ್ನೇ ಕೆಲಸವಾಗಿ ಹಿಡಿದು ನನಗೆ ಹನ್ನೆರಡು ವರ್ಷವಾಯಿತು. ಗದ್ದೆ, ತೋಟ, ಕೆರೆಯಂಗಳ, ಮರವಂತೆಯಿಂದ ಸೋಮೇಶ್ವರದವರೆಗಿನ ಕಡಲತೀರ, ಎಲ್ಲ ಕಡೆ ಹುಡುಕಿದ್ದೇನೆ. ಸಿಕ್ಕಿದ ಒಡವೆಗಳಲ್ಲಿ ಹೆಚ್ಚಿನವು ಸಿಕ್ಕಿದ್ದು ಮನೆಯವರು ಸಮಾಧಾನದಿಂದ ಕುಳಿತು ಎಲ್ಲಿ ಬಿತ್ತೆಂದು ನೆನಪು ಮಾಡಿಕೊಂಡಿದ್ದರಿಂದ. ಯಂತ್ರದ ಪಾಲು ಅದರ ನಂತರದ್ದು.

ಏಕೆಂದು ಒಂದು ಲೆಕ್ಕದಲ್ಲಿ ಹೇಳುತ್ತೇನೆ. ಯಂತ್ರದ ತುದಿಯಲ್ಲಿರುವ ಕಾಯಿಲ್, ಅಂದರೆ ತಂತಿಯ ಸುರುಳಿ, ಒಂದು ಊಟದ ತಟ್ಟೆಯಷ್ಟು ಅಗಲ. ಒಂದಿಂಚೂ ಬಿಡದಂತೆ ಅದನ್ನು ಆಡಿಸುತ್ತ ಹೋದರೆ ನಾನು ಗಂಟೆಗೆ 150 ಚದರ ಮೀಟರ್ ಮುಗಿಸುತ್ತೇನೆ. 100 ಮೀಟರ್ ಉದ್ದ, 40 ಮೀಟರ್ ಅಗಲದ ಮರಳನ್ನು ಮುಗಿಸಲು ಸುಮಾರು 27 ಗಂಟೆ ಬೇಕು. "ಇಲ್ಲೇ ಎಲ್ಲೋ ಬಿದ್ದಿರಬೇಕು" ಎಂದು ಕೈ ಬೀಸಿ ತೋರಿಸಿದರೆ ನಾಲ್ಕು ದಿನದ ಕೆಲಸ. "ಈ ದೀಪದ ಕಂಬದಿಂದ ಆ ಗೂಡಂಗಡಿಯ ನಡುವೆ" ಎಂದು ಹೇಳಬಲ್ಲಿರಾದರೆ ಒಂದು ಬೆಳಗಿನ ಕೆಲಸ.

ಆದ್ದರಿಂದ ಹುಡುಕಾಟ ಮನೆಯಿಂದಲೇ ಶುರುವಾಗಲಿ. ಅಂದು ಹೋದ ಕಾರಿನ ಸೀಟುಗಳನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಅವು ಜಾರುವ ಹಳಿಯ ಸಂದಿಗೆ ಟಾರ್ಚ್ ಹಿಡಿದು ನೋಡಿ. ಟವೆಲ್ ಸುತ್ತಿಟ್ಟ ಚೀಲವನ್ನು ಒಳಹೊರಗೆ ಮಾಡಿ ಕೊಡವಿ. ಮಕ್ಕಳು ಮರಳಾಟಕ್ಕೆ ಒಯ್ದ ಬಕೆಟ್ ಇದ್ದರೆ ಅದರ ತಳ ನೋಡಿ. ವಾಷಿಂಗ್ ಮೆಷಿನ್ ಬಾಗಿಲಿನ ರಬ್ಬರ್ ಮಡಿಕೆಯೊಳಗೆ ಬೆರಳಾಡಿಸಿ. ಕಡಲಿನಲ್ಲಿ ಕಳೆಯಿತೆಂದು ಕಣ್ಣೀರಿಟ್ಟ ಒಬ್ಬರ ಉಂಗುರ ಆ ಮಡಿಕೆಯೊಳಗೆ ಸಿಕ್ಕಿದ್ದನ್ನು ಕಂಡಿದ್ದೇನೆ. ನೀರಿನಲ್ಲಿ ನೆನೆದ ಬೆರಳು ಜಾರುತ್ತದೆ, ತಣ್ಣಗಾದ ಬೆರಳು ಸಣ್ಣಗಾಗುತ್ತದೆ, ಮೇಲೆ ಎಣ್ಣೆ ಅಥವಾ ಬಿಸಿಲಿನ ಕ್ರೀಮು ಇದ್ದರಂತೂ ಕೇಳುವುದೇ ಬೇಡ. ಆದರೂ ಉಂಗುರ ಕಳಚಿ ಬೀಳುವುದು ಈಜುವಾಗಲೇ ಎಂದೇನಿಲ್ಲ. ಮೈ ಒರೆಸಿಕೊಳ್ಳುವಾಗ, ಕಾಲಿನ ಮರಳು ಕೊಡವುವಾಗ, ಮಗುವನ್ನು ಎತ್ತಿ ಇಳಿಸುವಾಗಲೂ ಬಿದ್ದಿರಬಹುದು.

ಮನೆಯಲ್ಲಿ ಸಿಗದಿದ್ದರೆ ಎಲ್ಲರ ಮೊಬೈಲ್‌ಗಳನ್ನು ಒಟ್ಟಿಗೆ ಇಟ್ಟುಕೊಂಡು ಕುಳಿತುಕೊಳ್ಳಿ. ಇದನ್ನು ನನಗೆ ಕಲಿಸಿದ್ದು ಒಂದು ಚಿಕ್ಕ ಹುಡುಗಿ. ಮೂಡಿಗೆರೆ ಕಡೆಯ ದಂಪತಿ ಮರವಂತೆಯಲ್ಲಿ ಉಂಗುರ ಕಳೆದುಕೊಂಡು ಮರುದಿನವೇ ನನ್ನನ್ನು ಕರೆದುಕೊಂಡು ಹೋದರು. ಚೆಂಡಾಡುವಾಗಲೇ ಬಿದ್ದಿದ್ದು ಎಂದು ಗಂಡ ಖಚಿತವಾಗಿ ಹೇಳಿದರು. ಅವರು ತೋರಿಸಿದ ಜಾಗದಲ್ಲಿ ಮೂರು ಗಂಟೆ ಬಾಗಿದ ಬೆನ್ನು ಎತ್ತದೆ ಹುಡುಕಿದೆ. ಬಾಟಲಿ ಮುಚ್ಚಳ, ಮಾತ್ರೆಯ ಹಾಳೆ, ಒಂದು ಕೊಡೆಯ ಕಡ್ಡಿ ಸಿಕ್ಕಿದವು. ಅಷ್ಟರಲ್ಲಿ ಅವರ ಮಗಳು ಅಮ್ಮನ ಮೊಬೈಲ್ ಹಿಡಿದುಕೊಂಡು ಬಂದಳು. 4 ಗಂಟೆ 52 ನಿಮಿಷದ ಫೋಟೊದಲ್ಲಿ ಅಮ್ಮನ ಕೈಯಲ್ಲಿ ಚುರುಮುರಿ ಪೊಟ್ಟಣ, ಬೆರಳಲ್ಲಿ ಉಂಗುರ. ಚೆಂಡಾಟ ಆಗಲೇ ಮುಗಿದಿತ್ತು. 5 ಗಂಟೆ 9 ನಿಮಿಷದ ಫೋಟೊದಲ್ಲಿ ತಾಯಿ ಟವೆಲಿನಿಂದ ತಲೆ ಒರೆಸಿಕೊಳ್ಳುತ್ತಿದ್ದಾರೆ, ಬೆರಳು ಬರಿದು. ಫೋಟೊ ದೊಡ್ಡದು ಮಾಡಿದರೆ ಉಂಗುರವಿದ್ದ ಜಾಗದ ಬಿಳಿ ಗುರುತು ಕೂಡ ಕಾಣುತ್ತಿತ್ತು. ಹಿನ್ನೆಲೆಯಲ್ಲಿ ಒಂದು ದೀಪದ ಕಂಬ, ಅದರ ಎಡಕ್ಕೆ ಬಾಗಿದ ತೆಂಗಿನಮರ.

ಆ ಕಂಬ, ಆ ಮರ ಫೋಟೊದಲ್ಲಿದ್ದ ಹಾಗೆಯೇ ಕಾಣುವವರೆಗೆ ನಡೆದು ನಿಂತೆವು. ನಾನು ಹುಡುಕುತ್ತಿದ್ದ ಜಾಗದಿಂದ ಅದು ಎಪ್ಪತ್ತು ಹೆಜ್ಜೆ ದೂರ. ಇಪ್ಪತ್ತು ನಿಮಿಷ ಕಳೆದಿರಬೇಕು, ಕಿವಿಯಲ್ಲಿ ದುಂಡನೆಯ, ಒಡೆಯದ ಸದ್ದು ಬಂತು. ಅಡ್ಡ ತಿರುಗಿ ಆಡಿಸಿದರೂ ಅದೇ ಜಾಗ, ಅದೇ ಸದ್ದು. ತೂತಿನ ಸಲಿಕೆಯನ್ನು ನಾಲ್ಕಿಂಚು ಇಳಿಸಿ ಎತ್ತಿ ಅಲ್ಲಾಡಿಸಿದೆ. ಮರಳು ಸುರಿದು ಹೋಯಿತು, ಎರಡು ಕಪ್ಪೆಚಿಪ್ಪು ಉಳಿದವು, ಅವುಗಳ ನಡುವೆ ಜಾಲರಿಗೆ ಒರಗಿ ನಿಂತಂತೆ ಉಂಗುರ. ಆ ತಾಯಿ ಅದನ್ನು ಬೆರಳಿಗೆ ಹಾಕಿಕೊಳ್ಳದೆ ಮುಷ್ಟಿಯೊಳಗೆ ಹಿಡಿದು ಮರಳಿನ ಮೇಲೆಯೇ ಕುಳಿತುಬಿಟ್ಟರು.

ಜಾಗ ತಪ್ಪಿದರೆ ಎಂಥ ಬುದ್ಧಿವಂತನ ಯಂತ್ರವೂ ಸೋಲುತ್ತದೆ. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಈ ಕೆಲಸದ ಹಿರಿಯರಲ್ಲಿ ಒಬ್ಬರು. 1881ರ ಜುಲೈನಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರಿಗೆ ಗುಂಡೇಟು ಬಿತ್ತು. ಮೈಯೊಳಗೆ ಗುಂಡು ಎಲ್ಲಿದೆ ಎಂದು ತಿಳಿಯಲು ಬೆಲ್ ಎರಡು ತಂತಿ ಸುರುಳಿಗಳ ಒಂದು ಸಾಧನ ಮಾಡಿಕೊಂಡು ಹೋದರು. ಸಾಧನ ಸರಿಯಾಗಿಯೇ ಇತ್ತು. ಆದರೆ ಗುಂಡು ಬಲಗಡೆ ಇದೆಯೆಂದು ನಂಬಿದ್ದ ವೈದ್ಯರು ಬಲಗಡೆ ಮಾತ್ರ ಹುಡುಕಲು ಬಿಟ್ಟರು. ಹಾಸಿಗೆಯೊಳಗಿನ ಉಕ್ಕಿನ ಸ್ಪ್ರಿಂಗುಗಳೂ ಸದ್ದು ಕೆಡಿಸಿದವು. ಗುಂಡು ಇದ್ದದ್ದು ಎಡಗಡೆ. ಅಧ್ಯಕ್ಷರು ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಮನೆಯವರು ಬೆರಳು ಮಾಡಿ ತೋರಿಸಿದ ಜಾಗದಲ್ಲಿ ಕಾಯಿಲ್ ಇಳಿಸುವ ಮೊದಲು ನಾನು ಅರ್ಧ ಗಂಟೆ ಪ್ರಶ್ನೆ ಕೇಳುವುದಕ್ಕೆ ಈ ಕಥೆಯೂ ಒಂದು ಕಾರಣ.

ಈಗ ನಿಮ್ಮ ಹನ್ನೊಂದು ದಿನದ ವಿಚಾರ. ಉಂಗುರ ತೀರದ ಯಾವ ಪಟ್ಟಿಯಲ್ಲಿ ಬಿತ್ತು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅಲೆ ಮುಟ್ಟದ ಒಣಮರಳಿನಲ್ಲಿ ಬಿದ್ದಿದ್ದರೆ ಹನ್ನೊಂದು ದಿನ ದೊಡ್ಡದಲ್ಲ. ಜನರ ತುಳಿತಕ್ಕೆ ನಾಲ್ಕಾರು ಇಂಚು ಕೆಳಗಿಳಿದಿರುತ್ತದೆ, ಅಷ್ಟೆ. ಅಲ್ಲಿ ಯಂತ್ರದ ಕೈಗೆ ಸಿಗುತ್ತದೆ, ಬೇರೆಯವರ ಕಣ್ಣಿಗೆ ಬೀಳದೆ ಉಳಿದಿದ್ದರೆ. ಅಲೆ ಬಂದು ಹೋಗುವ ಇಳಿಜಾರಿನಲ್ಲಿ ಬಿದ್ದಿದ್ದರೆ ಪರಿಸ್ಥಿತಿ ಬೇರೆ. 22 ಕ್ಯಾರೆಟ್ ಚಿನ್ನ ಮರಳಿನ ಕಣಕ್ಕಿಂತ ಆರೇಳು ಪಟ್ಟು ಸಾಂದ್ರ. ಪ್ರತಿ ಅಲೆಯೂ ಮರಳನ್ನು ಕದಡಿ ಸಡಿಲಿಸುತ್ತದೆ, ಹಗುರವಾದ ಮರಳು ಮೇಲೆದ್ದಾಗ ಭಾರವಾದ ಉಂಗುರ ಕೆಳಗೆ ಕೂರುತ್ತದೆ. ಚಿಪ್ಪಿನ ಪದರವೋ ಗಟ್ಟಿ ನೆಲವೋ ಸಿಗುವವರೆಗೆ ಇಳಿಯುತ್ತಲೇ ಇರುತ್ತದೆ. ಒಳ್ಳೆಯ ಯಂತ್ರ ಒಂದು ಉಂಗುರವನ್ನು ಹಿಡಿಯುವುದು ಒಂದು ಗೇಣಿನ ಆಳದವರೆಗೆ, ಅದೃಷ್ಟವಿದ್ದರೆ ಇನ್ನೆರಡು ಇಂಚು. ಸೊಂಟಮಟ್ಟದ ನೀರಿನಲ್ಲಿ ಬಿದ್ದಿದ್ದರೆ ನೀರೊಳಗೆ ಕೆಲಸ ಮಾಡುವ ಯಂತ್ರ ಬೇಕು, ಕಡಲು ಬಲ್ಲ ಒಬ್ಬರು ಜೊತೆಗಿರಬೇಕು. ಅದಕ್ಕೆ ನೀವಾಗಿ ಇಳಿಯಬೇಡಿ. ಕಾಲ ಕೆಳಗಿನ ಮರಳನ್ನೇ ಎಳೆದೊಯ್ಯುವ ಸೆಳೆತದ ಎದುರು 5 ಗ್ರಾಂ ಚಿನ್ನ ಯಾವ ಲೆಕ್ಕ?

ಇಳಿಜಾರಿನಲ್ಲಿ ಹುಡುಕುವುದಾದರೆ ಕಡಲಿನ ಸಮಯಕ್ಕೆ ನಾವು ಹೊಂದಿಕೊಳ್ಳಬೇಕು. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಆ ಎರಡು ಇಳಿತಗಳು ಸಮ ಅಲ್ಲ, ಒಂದರಲ್ಲಿ ನೀರು ಇನ್ನೊಂದಕ್ಕಿಂತ ಹೆಚ್ಚು ಹಿಂದೆ ಸರಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರವೂ ಜೋರು, ಇಳಿತವೂ ಆಳ. ಸಮಯ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹೈದರಾಬಾದಿನಲ್ಲಿರುವ ಇನ್‌ಕಾಯ್ಸ್ ಎಂಬ ಕೇಂದ್ರ ಸರ್ಕಾರದ ಸಾಗರ ಮಾಹಿತಿ ಸಂಸ್ಥೆ ಉಬ್ಬರವಿಳಿತದ ಮುನ್ಸೂಚನೆ ಕೊಡುತ್ತದೆ. ಅದನ್ನು ನೋಡಿ, ಇಳಿತಕ್ಕೆ ಎರಡು ಗಂಟೆ ಮೊದಲೇ ಮರಳಿನ ಮೇಲೆ ಇರಬೇಕು. ನೀರು ಹಿಂದೆ ಹೋದಂತೆ ಅದರ ಬೆನ್ನಿಗೇ ಹುಡುಕುತ್ತ ಇಳಿಯುವುದು, ತಿರುಗಿ ಬಂದಂತೆ ಮೇಲಕ್ಕೆ ಸರಿಯುವುದು. ಸಕಲೇಶಪುರದಿಂದ ಬೆಳಗ್ಗೆ ತಿಂಡಿ ಮುಗಿಸಿ ಹೊರಟು ಶಿರಾಡಿ ಘಾಟಿ ಇಳಿದು ನಡುಮಧ್ಯಾಹ್ನ ತಲುಪಿದರೆ ಉಬ್ಬರದ ನೀರನ್ನು ನೋಡಿಕೊಂಡು ನಿಲ್ಲಬೇಕಾಗಬಹುದು. ಹಿಂದಿನ ರಾತ್ರಿಯೇ ಉಡುಪಿಯಲ್ಲಿ ಉಳಿಯುವುದು ಮೇಲು. ಮಳೆಗಾಲದವರೆಗೂ ಕಾಯಬೇಡಿ. ಜೂನ್ ಬಂದರೆ ಕಡಲು ತೀರದ ಮರಳನ್ನೇ ಕೊರೆದು ಒಳಕ್ಕೆ ಎಳೆದುಕೊಳ್ಳುತ್ತದೆ.

ಯಂತ್ರದ ವಿಷಯಕ್ಕೆ ಬರುತ್ತೇನೆ. ಕಾಯಿಲ್‌ನಲ್ಲಿ ವಿದ್ಯುತ್ ಹರಿದಾಗ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ. ಅದು ಏರಿಳಿಯುವುದರಿಂದ ಕೆಳಗಿರುವ ಲೋಹದೊಳಗೆ ಸಣ್ಣ ಸುಳಿಪ್ರವಾಹಗಳು ಏಳುತ್ತವೆ. ಆ ಸುಳಿಗಳು ತಮ್ಮದೇ ಕ್ಷೀಣ ಕಾಂತಕ್ಷೇತ್ರವನ್ನು ಹಿಂದಕ್ಕೆ ಕಳುಹಿಸುತ್ತವೆ. ಯಂತ್ರ ಕೇಳಿಸಿಕೊಳ್ಳುವುದು ಆ ಮರುದನಿಯನ್ನು. ತೊಂದರೆ ಏನೆಂದರೆ ಉಪ್ಪುನೀರೂ ವಿದ್ಯುತ್ ಹರಿಸುತ್ತದೆ. ಒದ್ದೆ ಮರಳಿಗೆ ತಂದ ಕೂಡಲೇ ಒಂದೇ ಆವರ್ತನದ ಅಗ್ಗದ ಯಂತ್ರಗಳು ಕಡಲನ್ನೇ ಲೋಹವೆಂದು ತಿಳಿದು ಕಿರುಚತೊಡಗುತ್ತವೆ. ಸದ್ದು ನಿಲ್ಲಿಸಲು ಸಂವೇದನೆ ಕಡಿಮೆ ಮಾಡಿದರೆ ಉಂಗುರದ ಸದ್ದೂ ಹೋಗುತ್ತದೆ. ನೀವು ನೋಡಿದ 4,000 ರೂಪಾಯಿಯ ಯಂತ್ರದ ಹಣೆಬರಹ ಇದು. ಒಣಮರಳಿನಲ್ಲಿ ಮಕ್ಕಳ ಆಟಕ್ಕೆ ಸರಿ. ಬಾಗಿಲಲ್ಲಿ ಭದ್ರತಾ ಸಿಬ್ಬಂದಿ ಮೈ ಸವರುವ ಕೋಲಿನಂಥ ಉಪಕರಣವನ್ನೂ ಕೆಲವರು ತರುತ್ತಾರೆ. ಅದು ನಾಲ್ಕು ಬೆರಳ ಆಳವನ್ನೂ ದಾಟುವುದಿಲ್ಲ. ಕಡಲತೀರಕ್ಕೆಂದೇ ಇರುವವು ಎರಡು ಬಗೆ. ಒಂದೇ ಕಾಲಕ್ಕೆ ಹಲವು ಆವರ್ತನಗಳನ್ನು ಕಳುಹಿಸಿ, ಉಪ್ಪಿನ ಉತ್ತರವನ್ನು ಲೋಹದ ಉತ್ತರದಿಂದ ಬೇರ್ಪಡಿಸುವಂಥವು ಮೊದಲ ಬಗೆ. ಎರಡನೆಯವು ಪಲ್ಸ್ ಯಂತ್ರಗಳು: ಒಂದು ಏಟು ಕಳುಹಿಸಿ, ಉಪ್ಪುನೀರಿನ ಸದ್ದು ಆರುವಷ್ಟು ಹೊತ್ತು, ಅಂದರೆ ಸೆಕೆಂಡಿನ ಲಕ್ಷದಲ್ಲೊಂದು ಭಾಗದಷ್ಟು, ತಡೆದು ಆಮೇಲೆ ಆಲಿಸುತ್ತವೆ. ಇವು ಆಳಕ್ಕೆ ಹೋಗುತ್ತವೆ, ಆದರೆ ಕಬ್ಬಿಣ ಯಾವುದು ಚಿನ್ನ ಯಾವುದು ಎಂದು ಚೆನ್ನಾಗಿ ಹೇಳಲಾರವು. ಒಳ್ಳೆಯದನ್ನು ಕೊಳ್ಳಹೊರಟರೆ ಬೆಲೆ ನಿಮ್ಮ ಉಂಗುರದ ಬೆಲೆಯನ್ನೇ ಮುಟ್ಟಬಹುದು. ಒಂದು ಹುಡುಕಾಟಕ್ಕೆ ಅದು ಬೇಡ. ಯಂತ್ರವೂ ಅನುಭವವೂ ಇರುವವರನ್ನು ಕರೆದುಕೊಂಡು ಹೋಗಿ.

ಒಂದು ಮಾತನ್ನು ಒತ್ತಿ ಹೇಳಬೇಕು. ಮಾತ್ರೆಯ ಹಾಳೆ, ತಂಪುಪಾನೀಯದ ಡಬ್ಬಿಯ ಕಿವಿ, ಸಿಗರೇಟು ಪೊಟ್ಟಣದ ಬೇಗಡೆ, ಇವು ಕೊಡುವ ಸದ್ದೂ ಚಿನ್ನದ ಉಂಗುರ ಕೊಡುವ ಸದ್ದೂ ಒಂದೇ ಸಾಲಿನವು. ಕಸ ಬೇಡವೆಂದು ಆ ಸದ್ದುಗಳನ್ನು ಮುಚ್ಚುವ ಗುಂಡಿ ಒತ್ತಿದರೆ ಉಂಗುರದ ಬಾಯಿಯನ್ನೂ ಮುಚ್ಚಿದಂತೆ. ನಮ್ಮ ಈಗಿನ ಒಂದು, ಎರಡು ರೂಪಾಯಿ ನಾಣ್ಯಗಳು ಉಕ್ಕಿನವು. ಅವು ಕಬ್ಬಿಣದ ಹಾಗೆ ಕೇಳುತ್ತವೆ, ಅವನ್ನು ಬಿಟ್ಟು ಮುಂದೆ ಹೋಗಬಹುದು. ಬೇಗಡೆಯನ್ನು ಮಾತ್ರ ಬಿಡಲಾಗದು. ನೂರು ಬಾರಿ ಅಗೆದು ತೊಂಬತ್ತೊಂಬತ್ತು ಬಾರಿ ಕಸ ಎತ್ತುವ ತಾಳ್ಮೆ ಇರುವವರಿಗೇ ಈ ಕೆಲಸ.

ನಿಮ್ಮದು ಉಂಗುರವಾದದ್ದು ಒಂದು ಲೆಕ್ಕದಲ್ಲಿ ಒಳ್ಳೆಯದಾಯಿತು. ಉಂಗುರ ಮುಚ್ಚಿದ ಬಳೆಯಂತಿರುವುದರಿಂದ ಸುಳಿಪ್ರವಾಹ ಸುತ್ತು ಹೊಡೆಯುತ್ತದೆ, ಸದ್ದು ಗಟ್ಟಿಯಾಗಿ ಬರುತ್ತದೆ. ಎಳೆ ಸರ ಅದರ ಎರಡರಷ್ಟು ತೂಕವಿದ್ದರೂ ಯಂತ್ರಕ್ಕೆ ಬಿಡಿಬಿಡಿ ಕೊಂಡಿಗಳಾಗಿ ಕಾಣುತ್ತದೆ. ಪ್ರತಿ ಕೊಂಡಿಯೂ ಅಕ್ಕಿಕಾಳಿನಷ್ಟು. ಸರ ಕಳೆದವರು ಬಂದಾಗ ನಾನು ಮೊದಲು ಕೇಳುವುದು ಅದರಲ್ಲಿ ಪದಕವಿತ್ತೇ, ತಿರುಪಿನ ಕೊಂಡಿ ಎಷ್ಟು ದಪ್ಪ ಎಂದು. ಕರಿಮಣಿ ಸರವಾದರೆ ಕರಿಮಣಿಗೆ ಯಂತ್ರ ಕಿವುಡು, ತಾಳಿಯ ಬಟ್ಟಲುಗಳನ್ನು ನಂಬಿ ಹುಡುಕಬೇಕು. ಹರಳು, ಮುತ್ತು, ಹವಳ ಯಾವುದೂ ಕೇಳಿಸುವುದಿಲ್ಲ. ಅಯಸ್ಕಾಂತ ಕಟ್ಟಿದ ಹಗ್ಗ ಎಳೆದು ನೋಡಿದೆವು ಎಂದು ಕೆಲವರು ಹೇಳುತ್ತಾರೆ. ಚಿನ್ನ ಅಯಸ್ಕಾಂತಕ್ಕೆ ಅಂಟುವುದೇ ಇಲ್ಲ.

ಹುಡುಕುವ ಕ್ರಮ ಹೀಗೆ. ಗೊತ್ತು ಮಾಡಿದ ಜಾಗದ ನಾಲ್ಕು ಮೂಲೆಗೆ ಗೂಟ ಹೊಡೆದು ಹಗ್ಗ ಕಟ್ಟಬೇಕು. ನಟ್ಟಿ ಮಾಡುವಾಗ ಸಾಲು ಹಿಡಿಯುವ ಹಾಗೆ ಒಂದು ಸಾಲು ಪೂರ್ತಿ ಮುಗಿಸಿಯೇ ಇನ್ನೊಂದಕ್ಕೆ ಹೋಗಬೇಕು. ಕಾಯಿಲ್ ನೆಲಕ್ಕೆ ಸಮವಾಗಿ, ಮರಳನ್ನು ಸವರುವಷ್ಟು ಹತ್ತಿರ ಇರಬೇಕು. ತೂಗುಯ್ಯಾಲೆಯಂತೆ ಎರಡು ತುದಿಯಲ್ಲಿ ಮೇಲೆದ್ದರೆ ತುದಿಯ ನೆಲ ತಪ್ಪುತ್ತದೆ. ಪ್ರತಿ ಬೀಸೂ ಹಿಂದಿನದರ ಅರ್ಧ ಜಾಗವನ್ನು ಮತ್ತೆ ಮುಟ್ಟಬೇಕು. ಒಮ್ಮೆ ಮುಗಿದ ಮೇಲೆ ಹಗ್ಗವನ್ನು ಅಡ್ಡಕ್ಕೆ ಕಟ್ಟಿ ಅದೇ ನೆಲವನ್ನು ಮತ್ತೆ ಹುಡುಕಬೇಕು. ಓರೆಯಾಗಿ ನಿಂತ ಉಂಗುರ ಒಂದು ದಿಕ್ಕಿನಿಂದ ಕೇಳಿಸದೆ ಇನ್ನೊಂದು ದಿಕ್ಕಿನಿಂದ ಕೇಳಿಸಿದ್ದುಂಟು. ಸುತ್ತ ನಿಂತ ನೆಂಟರಿಷ್ಟರು ಕೈಯಲ್ಲಿ ಮರಳು ಕೆದರದಂತೆ ನೋಡಿಕೊಳ್ಳಿ. ಪ್ರೀತಿಯಿಂದಲೇ ಕೆದರುತ್ತಾರೆ, ಆದರೆ ನಾಲ್ಕಿಂಚಿನಲ್ಲಿದ್ದ ಉಂಗುರ ಹತ್ತಿಂಚಿಗೆ ಹೋಗುವುದು ಹೀಗೆಯೇ.

ಬಿದ್ದ ಜಾಗ ಒಣಮರಳಿನಲ್ಲಿ ಹತ್ತು ಹೆಜ್ಜೆಯ ಒಳಗೆ ಎಂದು ಗೊತ್ತಾದರೆ ಯಂತ್ರವಿಲ್ಲದೆಯೂ ಆಗುತ್ತದೆ. ನಿಮ್ಮ ಮನೆಯಲ್ಲಿ ಕಾಫಿ ಜರಡಿ ಇದ್ದೇ ಇರುತ್ತದೆ. ಕಣ್ಣು ಉಂಗುರಕ್ಕಿಂತ ಸಣ್ಣದಿರುವ ಜರಡಿ ಒಯ್ದು, ಮೇಲಿನ ಒಂದು ಗೇಣು ಮರಳನ್ನು ಸಾಲಾಗಿ ಜಾಲಿಸಿ. ಇಬ್ಬರು ಜರಡಿ ಹಿಡಿದು ಒಬ್ಬರು ತುಂಬಿದರೆ ಅರ್ಧ ದಿನದಲ್ಲಿ ಒಂದು ಕೋಣೆಯಷ್ಟು ಜಾಗ ಮುಗಿಯುತ್ತದೆ. ತೆಗೆದ ಗುಂಡಿಗಳನ್ನು ಮುಚ್ಚಿಯೇ ಬನ್ನಿ. ಈ ತಿಂಗಳುಗಳಲ್ಲಿ ಕರ್ನಾಟಕದ ಕರಾವಳಿಯ ಕೆಲವೆಡೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಬೇಲಿ ಕಟ್ಟಿದ, ಗುರುತು ಹಾಕಿದ ಜಾಗದ ಹತ್ತಿರ ಸಲಿಕೆ ಹಾಕಲೇಬೇಡಿ.

ಹೊರಡುವ ಮೊದಲು ಅಲ್ಲಿನ ಜೀವರಕ್ಷಕರಿಗೂ ಪೊಲೀಸ್ ಠಾಣೆಗೂ ಹೇಳಿ. ತೀರ ಗುಡಿಸುವವರನ್ನೂ, ಚುರುಮುರಿ ಮಾರುವವರನ್ನೂ ಕೇಳಿ. ಬೆಳಗಾಗುವ ಮೊದಲು ಮರಳಿನ ಮೇಲೆ ನಡೆಯುವವರು ಅವರು. ಉಂಗುರದ ಚಿತ್ರ, ನಿಮ್ಮ ನಂಬರು ಬರೆದ ಚೀಟಿ ಕೊಟ್ಟು, ಸಿಕ್ಕಿದರೆ ಇಷ್ಟು ಕೊಡುತ್ತೇವೆಂದು ಬಾಯಿಬಿಟ್ಟು ಹೇಳಿ. ಕಳೆದ ವಸ್ತು ಸಿಕ್ಕಿದವರ ಪಾಲಾಗುತ್ತದೆ ಎಂದು ಜನ ತಿಳಿದಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ. 1872ರ ಕರಾರು ಕಾಯ್ದೆಯ 71ನೇ ಸೆಕ್ಷನ್ ಪ್ರಕಾರ, ಬೇರೆಯವರ ವಸ್ತು ಸಿಕ್ಕಿ ಅದನ್ನು ತೆಗೆದುಕೊಂಡವರಿಗೆ, ಅದನ್ನು ಇಟ್ಟುಕೊಳ್ಳಲು ವಹಿಸಿಕೊಂಡವರಿಗಿರುವಷ್ಟೇ ಹೊಣೆ ಇರುತ್ತದೆ. ಒಡೆಯರನ್ನು ಹುಡುಕದೆ ಕರಗಿಸಿ ಮಾರಿದರೆ ಅಪರಾಧ. ನನಗೆ ಬೇರೆ ಒಡವೆ ಹುಡುಕುವಾಗ ಸಿಕ್ಕಿದ ಪರರ ಉಂಗುರಗಳನ್ನು ಅಲ್ಲಿನ ಠಾಣೆಗೇ ಒಪ್ಪಿಸಿ ರಸೀದಿ ಪಡೆದಿದ್ದೇನೆ.

ಓಲೆಯ ವಿಷಯ. ಕಣ ಸಿಮೆಂಟಿನದೇ, ಮಣ್ಣಿನದೇ ಎಂದು ನೀವು ಬರೆದಿಲ್ಲ. ಸಿಮೆಂಟಿನದಾಗಿ ಒಳಗೆ ಕಬ್ಬಿಣದ ಸರಳು ಹಾಸಿದ್ದರೆ ಯಂತ್ರ ಇಟ್ಟಲ್ಲೆಲ್ಲ ಸರಳಿನ ಸದ್ದೇ ಬರುತ್ತದೆ, ಅಲ್ಲಿ ಹುಡುಕಿ ಫಲವಿಲ್ಲ. ಕಣದ ಬಿರುಕುಗಳಿಂದ, ಅಂಚಿನ ಚರಂಡಿಯಿಂದ ಮಣ್ಣು ಕೆರೆದು ಜಾಲಿಸಿ, ಮಳೆನೀರು ಹರಿದು ನಿಲ್ಲುವ ಗುಂಡಿಯನ್ನೂ ನೋಡಿ. ಓಲೆ ಹೋದ ವರ್ಷದ ಕಾಫಿಯೊಂದಿಗೆ ಚೀಲ ಸೇರಿ ಕ್ಯೂರಿಂಗ್‌ಗೆ, ಅಂದರೆ ಸಿಪ್ಪೆ ಸುಲಿದು ಹಸನು ಮಾಡುವಲ್ಲಿಗೆ, ಹೋಗಿರುವ ಸಾಧ್ಯತೆಯೂ ಇದೆ, ಇದನ್ನು ಹೇಳಲು ನನಗೆ ಬೇಸರ. ಮಣ್ಣಿನ ಕಣವಾದರೆ ಆಸೆಯಿದೆ. ಮುಂದೆ ಯಾರದಾದರೂ ಒಡವೆ ಕಾಫಿ ರಾಶಿಯಲ್ಲಿ ಬಿದ್ದರೆ ರಾಶಿಯನ್ನು ಎರಡಿಂಚು ದಪ್ಪಕ್ಕೆ ಹರಡಿ ಕಾಯಿಲ್ ಆಡಿಸಬಹುದು, ಕಾಫಿ ಸದ್ದಿಗೆ ಅಡ್ಡ ಬರುವುದಿಲ್ಲ.

ತೋಟದಲ್ಲಿ ಅಡ್ಡ ಬರುವುದು ಬೇರೆ. ನಮ್ಮ ಮಲೆನಾಡಿನ ಕೆಮ್ಮಣ್ಣಿನ ತುಂಬ ಕಬ್ಬಿಣ. ಬಾಬಾಬುಡನ್‌ಗಿರಿಯ ಸಾಲು, ಕುದುರೆಮುಖ, ಇವು ಕಬ್ಬಿಣದ ಅದಿರಿನ ಬೆಟ್ಟಗಳು. ಆ ಕಡೆಯ ತೋಟಗಳಲ್ಲಿ ನೆಲವೇ ಗುನುಗುತ್ತದೆ. ಕಾಯಿಲನ್ನು ನೆಲಕ್ಕೆ ಮೇಲೆ ಕೆಳಗೆ ಮಾಡಿ ಆ ಗುನುಗು ಅಡಗುವವರೆಗೆ ಯಂತ್ರವನ್ನು ನೆಲಕ್ಕೆ ಹೊಂದಿಸಿಕೊಳ್ಳಬೇಕು, ಹತ್ತಿಪ್ಪತ್ತು ಮಾರು ನಡೆದ ಮೇಲೆ ಮತ್ತೆ ಹೊಂದಿಸಬೇಕು. ನಿಮ್ಮ ಸಕಲೇಶಪುರ, ಆಲೂರು ಕಡೆ ಆನೆಗೆಂದು ಹಾಕಿದ ಸೋಲಾರ್ ಬೇಲಿ ಇನ್ನೊಂದು. ಸೆಕೆಂಡಿಗೊಂದು ಏಟಿನಂತೆ ಬೇಲಿಯಲ್ಲಿ ವಿದ್ಯುತ್ ಹರಿದಾಗಲೆಲ್ಲ ಕಿವಿಯಲ್ಲಿ ಟಕ್ ಟಕ್ ಎನ್ನುತ್ತದೆ. ಹಗಲಿನಲ್ಲಿ, ಆನೆ ಹತ್ತಿರವಿಲ್ಲವೆಂದು ಖಾತ್ರಿ ಮಾಡಿಕೊಂಡು, ಹುಡುಕುವಷ್ಟು ಹೊತ್ತು ಬೇಲಿ ಆರಿಸಬೇಕು.

ಗದ್ದೆಯಲ್ಲಿ ಕಳೆದರೆ ಮಾತ್ರ ಕಾಯುವುದೇ ಜಾಣತನ. ಆಲೂರು ಕಡೆಯ ಒಬ್ಬ ತಾಯಿ ನಟ್ಟಿ ಮಾಡುವಾಗ ಉಂಗುರ ಕಳೆದುಕೊಂಡರು. ಕೆಸರಿನಲ್ಲಿ ಕಾಲಿಟ್ಟರೆ ಇನ್ನೂ ಆಳಕ್ಕೆ ಹೋಗುತ್ತದೆಂದು ತಿಳಿದ ಅವರು ಬದುವಿನಲ್ಲಿ ಎರಡು ಗೂಟ ಹೊಡೆದು, ಯಾವ ಗೂಟದ ನೇರಕ್ಕೆ ಎಷ್ಟನೇ ಸಾಲು ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದರು. ಜನವರಿಯಲ್ಲಿ ಕೊಯ್ಲು ಮುಗಿದು ಗದ್ದೆ ಒಣಗಿದ ಮೇಲೆ ನಾನು ಹೋದಾಗ ಕೂಳೆಗಳ ನಡುವಿನ ಹತ್ತು ಸಾಲಿನಲ್ಲಿ ಆರನೆಯದರಲ್ಲಿ ಸಿಕ್ಕಿತು, ಒಳಗೆ ಮಣ್ಣು ಗಟ್ಟಿಯಾಗಿ ತುಂಬಿಕೊಂಡು.

ಇನ್ನು ನಿಮ್ಮ ಮೈದುನನಿಗೆ. ಹಾಳುಗುಡಿಯ ಹತ್ತಿರ ಯಂತ್ರ ಒಯ್ಯುವುದು ಬೇಡ. ಇದನ್ನು ಕೋಪದಿಂದಲೇ ಹೇಳುತ್ತಿದ್ದೇನೆ. ಬೇಲೂರು, ಹಳೇಬೀಡಿನ ಗುಡಿಗಳು 2023ರಲ್ಲಿ ಸೋಮನಾಥಪುರದೊಂದಿಗೆ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಆದರೆ ನಮ್ಮ ಜಿಲ್ಲೆಯ ಊರೂರಲ್ಲಿ ಯಾವ ಪಟ್ಟಿಯಲ್ಲೂ ಇಲ್ಲದ ಸಣ್ಣ ಗುಡಿಗಳಿವೆ, ವೀರಗಲ್ಲುಗಳಿವೆ. ನಿಧಿಯಾಸೆಯವರು ಪೀಠ ಕಿತ್ತು, ಗರ್ಭಗುಡಿ ಬಗೆದು, ವೀರಗಲ್ಲು ಉರುಳಿಸಿ ಹೋದ ಜಾಗಗಳನ್ನು ನಾನೇ ನೋಡಿದ್ದೇನೆ. ಸಿಕ್ಕಿದ್ದೇನು? ಕುಂಕುಮ, ನಿಂಬೆಹಣ್ಣು, ಒಡೆದ ಕಲ್ಲು. ಸಂರಕ್ಷಿತ ಸ್ಮಾರಕದ ಆವರಣದಲ್ಲಿ ಅನುಮತಿಯಿಲ್ಲದೆ ಅಗೆಯುವುದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಂತೆ ಅಪರಾಧ. ಸ್ವಂತ ತೋಟದಲ್ಲೇ ಹುದುಗಿದ ನಿಧಿ ಸಿಕ್ಕಿದರೂ ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ನಿಯಮ 1878ರ ನಿಧಿ ಕಾಯ್ದೆಯ ಕಾಲದಿಂದಲೂ ಇದೆ. ಇಪ್ಪತ್ತು ಅಡಿ ಆಳದ ಚಿನ್ನ ತೋರಿಸುವ ಸ್ಕ್ಯಾನರ್ ಎಂದು ಲಕ್ಷಗಟ್ಟಲೆಗೆ ಮಾರುವವರು ಊರಿಗೆ ಬರುತ್ತಾರೆ. ಒಂದು ಗೇಣಿನಾಚೆ ಉಂಗುರ ಕೇಳಿಸಿಕೊಳ್ಳಲು ಒಳ್ಳೊಳ್ಳೆಯ ಯಂತ್ರಗಳು ತಿಣುಕುವಾಗ, ಆ ಸ್ಕ್ಯಾನರಿನ, ಕೈಯಲ್ಲಿ ತಿರುಗುವ ಎರಡು ಕಡ್ಡಿ ಇಪ್ಪತ್ತು ಅಡಿ ನೋಡುವುದಿಲ್ಲ. ಸಾಲ ಮಾಡಿ ಅದನ್ನು ಕೊಂಡ ಮನೆಗಳಿವೆ. ನಿಧಿಗೆಂದು ಕರೆದವರ ಮನೆಗೆ ನಾನು ಹೋಗುವುದಿಲ್ಲ, ಅವರು ಎಷ್ಟು ಕೊಟ್ಟರೂ. ಆ ಹಾಳುಗುಡಿಯ ಕಲ್ಲುಗಳ ಫೋಟೊ ತೆಗೆದು ಪುರಾತತ್ವ ಇಲಾಖೆಗೆ ಕಳುಹಿಸಿದರೆ ನಿಮ್ಮ ಮೈದುನ ಊರಿಗೇ ಉಪಕಾರ ಮಾಡಿದಂತೆ.

ಈ ವಾರ ಹೀಗೆ ಮಾಡಿ. ಅಂದು ಜೊತೆಗಿದ್ದ ಎಲ್ಲರ ಫೋಟೊ, ವಿಡಿಯೊಗಳನ್ನು ಸಮಯದ ಕ್ರಮದಲ್ಲಿ ಜೋಡಿಸಿ. ಒಂದನ್ನೂ ಅಳಿಸಬೇಡಿ, ಮಸುಕಾಗಿ ಬಂದದ್ದನ್ನೂ. ಉಂಗುರ ಬೆರಳಲ್ಲಿರುವ ಕೊನೆಯ ಚಿತ್ರ, ಇಲ್ಲದಿರುವ ಮೊದಲ ಚಿತ್ರ, ಇವೆರಡು ಸಿಕ್ಕಿದರೆ ಅವುಗಳ ನಡುವೆ ನೀವು ಎಲ್ಲೆಲ್ಲಿ ನಡೆದಿರಿ ಎಂದು ಒಂದು ಹಾಳೆಯ ಮೇಲೆ ಬರೆಯಿರಿ. ಬೇರೆಯವರು ಹೇಳಿದ್ದನ್ನು ಕೇಳುವ ಮೊದಲೇ ಪ್ರತಿಯೊಬ್ಬರೂ ತಮ್ಮ ನೆನಪನ್ನು ಬೇರೆ ಬೇರೆ ಬರೆಯಲಿ. ಆಮೇಲೆ ಬರುವ ಅಮಾವಾಸ್ಯೆ ಇಲ್ಲವೇ ಹುಣ್ಣಿಮೆ ಯಾವುದು ಹತ್ತಿರವೋ ಅದರ ಇಳಿತಕ್ಕೆ ಮಲ್ಪೆಗೆ ಹೋಗುವಂತೆ ದಿನ ಗೊತ್ತು ಮಾಡೋಣ. ನಿಮ್ಮ ನಾದಿನಿಯವರನ್ನು ಕೇಳಿ ಅವರ ಹತ್ತಿರವಿರುವ ಜೋಡಿ ಉಂಗುರವನ್ನು ಒಂದು ದಿನದ ಮಟ್ಟಿಗೆ ತನ್ನಿ. ಅದಕ್ಕೆ ಕೆಂಪು ದಾರ ಕಟ್ಟಿ, ಅದೇ ಮರಳಿನಲ್ಲಿ ಒಂದು ಗೇಣು ಆಳಕ್ಕೆ ಹೂತು, ಅದರ ದನಿ ಹೇಗಿದೆ ಎಂದು ಮೊದಲು ಕೇಳಿಸಿಕೊಳ್ಳುತ್ತೇನೆ. ದಾರದ ತುದಿಯನ್ನು ನೀವೇ ಹಿಡಿದುಕೊಂಡಿರಿ.